ಅಪ್ಪನ ನಿವೃತ್ತಿಯೊಂದಿಗೆ ಮಗನ ಚಿಕಿತ್ಸೆ ನಿಲ್ಲದಿರಲಿ: ಒಂದು ಮನವಿ ಪತ್ರ

ಇವರಿಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು.

ಇವರಿಂದ,
ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ತಂದೆತಾಯಂದಿರು.

ವಿಷಯ: ತೀವ್ರ ಮಾನಸಿಕ ಕಾಯಿಲೆಯಿರುವ ವಯಸ್ಕ ಮಕ್ಕಳ ಚಿಕಿತ್ಸೆ ಹಾಗೂ ನಮ್ಮ ನಂತರ ಅವರ ವಾಸದ ವ್ಯವಸ್ಥೆ ಕೋರಿ.

ಮಾನ್ಯರೇ,

ನಮ್ಮಲ್ಲಿ ಲೇತ್ ಆಪರೇಟರ್‌ಗಳಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿದ್ದಾರೆ, ಟೆಕ್ ಪಾರ್ಕ್‌ಗಳಲ್ಲಿ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಕೆಲಸ ಮಾಡುವವರಿದ್ದಾರೆ. ಮಕ್ಕಳಿಗೆ ಇಪ್ಪತ್ತೈದರಿಂದ ನಲವತ್ತರ ವಯಸ್ಸು. ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಕಾಯಿಲೆ. ಡಿಪ್ಲೊಮಾ ಮುಗಿಸಿ ಮೊದಲ ಸಂಬಳ ತಂದುಕೊಟ್ಟ ಮೇಲೆ ಕಾಯಿಲೆಗೆ ಬಿದ್ದವರೂ ಇದ್ದಾರೆ. ಗಾಳಿ ಸೋಕಿದೆಯೆಂದು ಹರಕೆ, ತಾಯಿತಗಳಲ್ಲಿ ಕಳೆದ ಮೊದಲ ತಿಂಗಳುಗಳ ಸಂಕಟ ನಮ್ಮಲ್ಲಿ ಹಲವರಿಗೆ ಇನ್ನೂ ಆರಿಲ್ಲ.

ಮೊದಲು ಇಎಸ್‌ಐ ವಿಷಯ. 21,000 ರೂಪಾಯಿಯೊಳಗೆ ಸಂಬಳವಿರುವ ನಮಗೆ ಅದೇ ಆಸರೆ. ಕಾಯಿಲೆಯಿಂದ ದುಡಿಯಲಾಗದೆ ಪೂರ್ತಿ ನಮ್ಮನ್ನೇ ನೆಚ್ಚಿಕೊಂಡ ಮಗನಿಗೋ ಮಗಳಿಗೋ ವಯಸ್ಸೆಷ್ಟಾದರೂ ಅದರಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಆದರೆ ನೌಕರ ನಿವೃತ್ತನಾದ ಮೇಲೆ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಿಗುವ ವೈದ್ಯಕೀಯ ಸೌಲಭ್ಯ ಗಂಡ ಹೆಂಡತಿಗೆ ಮಾತ್ರ. ಮಗನ ಹೆಸರು ಅಲ್ಲಿಗೆ ಬಿಟ್ಟುಹೋಗುತ್ತದೆ. ಕ್ಲೋಜಪಿನ್ ನುಂಗುವವರಿಗೆ ಮಾತ್ರೆಯಷ್ಟೇ ಸಾಲದು, ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೂ ತಪ್ಪದೆ ರಕ್ತಪರೀಕ್ಷೆ ಆಗಬೇಕು. ಕೈಗೆ ಬಂದ ಪಿಎಫ್ ಹಣ ಇದನ್ನೆಲ್ಲ ಎಷ್ಟು ವರ್ಷ ತೂಗೀತು? ನಾವು ಬಿಟ್ಟಿಯಾಗಿ ಕೇಳುತ್ತಿಲ್ಲ, ಹೆಚ್ಚಿನ ವಂತಿಗೆ ಕಟ್ಟಲು ಸಿದ್ಧರಿದ್ದೇವೆ. ನಿವೃತ್ತರ ಅವಲಂಬಿತ ಮಕ್ಕಳಿಗೂ ಈ ಸೌಲಭ್ಯ ಮುಂದುವರಿಯುವಂತೆ ತಾವು ರಾಜ್ಯ ಸರ್ಕಾರದ ಮೂಲಕ ಇಎಸ್‌ಐ ನಿಗಮಕ್ಕೆ ಶಿಫಾರಸು ಮಾಡಬೇಕು.

ಚಿಕಿತ್ಸೆ ಹತ್ತಿರ ಸಿಗಬೇಕು. ಬೆಳಗಿನ ಒಪಿಡಿಗೆ ಊರು ದಾಟಿ ಹೋಗಿಬಂದರೆ ಆ ದಿನದ ಕೂಲಿ ಹೋಯಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಗರಿಗೆ ಅಲ್ಲೇ ಔಷಧ ಸಿಗುವಂತೆ ಮಾಡಿತ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿಯಲ್ಲಿ ಆಗ ಆದದ್ದು ಪೀಣ್ಯದ ‘ನಮ್ಮ ಕ್ಲಿನಿಕ್’ಗಳಲ್ಲಿ ಈಗ ಆಗಲಿ. ವಾರಕ್ಕೆರಡು ಸಂಜೆಯಾದರೂ ಫಾಲೋ-ಅಪ್ ಇರಲಿ, ಔಷಧ ಅಲ್ಲೇ ಉಚಿತವಾಗಿ ಸಿಗಲಿ.

ಇನ್ನು ಕಾಯಿಲೆ ಕೆರಳಿದ ರಾತ್ರಿಗಳ ಮಾತು. ನಾಲ್ಕು ದಿನ ನಿದ್ದೆಯಿಲ್ಲದ ಮಗ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಪೊಲೀಸರನ್ನು ಕರೆದುಕೊಂಡು ಬನ್ನಿ ಎಂದು ಆಂಬ್ಯುಲೆನ್ಸ್‌ನವರು, ಇದು ಆಸ್ಪತ್ರೆಯ ವಿಷಯ ಎಂದು ಠಾಣೆಯವರು. ಕೊನೆಗೆ ಆಟೊ ಹಿಡಿದು, ನಡುವೆ ಮಗನನ್ನು ಕೂರಿಸಿಕೊಂಡು ಹೋಗುವವರು ನಾವೇ. ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ತಾಂತ್ರಿಕ ಬೆಂಬಲ ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ನಡುರಾತ್ರಿಯಲ್ಲೂ ಕೇಳಿಸಿಕೊಳ್ಳುವ ಆ ದನಿಗೆ ನಾವು ಋಣಿಗಳು. ಆ ಕರೆಯ ಬೆನ್ನಿಗೇ ತರಬೇತಿ ಪಡೆದ ತಂಡವೊಂದು ಮನೆ ಬಾಗಿಲಿಗೆ ಬರುವಂತಾಗಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 94ನೇ ಕಲಂ ತುರ್ತು ಚಿಕಿತ್ಸೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವುದನ್ನೂ ಸೇರಿಸಿದೆ. ಮಕ್ಕಳ ಒಪ್ಪಿಗೆ ಬದಿಗಿಟ್ಟು ಬೀಗ ಹಾಕಿ ಎಂದು ನಾವು ಕೇಳುತ್ತಿಲ್ಲ. ಅವರು ವಯಸ್ಕರು, ಅವರ ಮಾತಿಗೆ ಬೆಲೆಯಿರಲೇಬೇಕು.

ಕೊನೆಯದನ್ನು ಬರೆಯುವುದೇ ಕಷ್ಟ. ನಾವು ಸತ್ತ ಮೇಲೆ ಇವರಿಗೆ ಊಟ ಹಾಕುವವರು ಯಾರು, ಮಾತ್ರೆ ನೆನಪಿಸುವವರು ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಬಂದದ್ದು; ಮಾನಸಿಕ ಕಾಯಿಲೆ ಅದರಲ್ಲಿ ಸೇರಿಲ್ಲ. 2017ರ ಕಾಯ್ದೆಯ 19ನೇ ಕಲಂ ಮಾತ್ರ, ಸಮುದಾಯದ ನಡುವೆ ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಇಂಥ ಖಾಸಗಿ ಹೋಮ್‌ಗಳ ತಿಂಗಳ ಶುಲ್ಕ ನಮ್ಮ ಸಂಬಳಕ್ಕೆ ಎಟುಕುವುದಿಲ್ಲ. ನಾವಿರುವ ಮೂರೂ ಭಾಗಗಳಲ್ಲಿ ಸರ್ಕಾರದ ಒಂದೊಂದು ಗ್ರೂಪ್ ಹೋಮ್, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ, ಬೇಕೇಬೇಕು. ನಾವು ಬದುಕಿರುವಾಗಲೇ ಮಕ್ಕಳು ಅಲ್ಲಿ ವಾರ, ಹದಿನೈದು ದಿನ ಇದ್ದು ರೂಢಿಯಾಗಲಿ.

ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಚರ್ಚೆಗೆ ಕರೆಸುವುದಾದರೆ ದಯವಿಟ್ಟು ತಂದೆತಾಯಿ ಇಬ್ಬರನ್ನೂ ಒಂದೇ ದಿನ ಕರೆಯಬೇಡಿ. ಒಬ್ಬರು ಮನೆಯಲ್ಲಿರಲೇಬೇಕು.

ಇತಿ ತಮ್ಮ ವಿಶ್ವಾಸಿಗಳು,
(ತಂದೆತಾಯಂದಿರ ಸಹಿಗಳು)