ಊಟದ ಅರ್ಧ ಗಂಟೆ ಯಾರ ಕೈಯಲ್ಲಿದೆ?

ಮಧ್ಯಾಹ್ನದ ಊಟವನ್ನು ಸಾವಧಾನವಾಗಿ ಮಾಡಿ ಎಂಬ ಉಪದೇಶ ಈಗ ಎಲ್ಲೆಡೆ ಪುಕ್ಕಟೆ ಸಿಗುತ್ತದೆ. ಮೊಬೈಲ್ ಬದಿಗಿಡಿ, ಅಗಿದು ನುಂಗಿ ಎನ್ನುವವರ ಮಾತೇನೂ ಸುಳ್ಳಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ. ಐದೇ ನಿಮಿಷದಲ್ಲಿ ಡಬ್ಬಿ ಖಾಲಿ ಮಾಡುವವರು ಅದು ಮುಟ್ಟುವ ಮೊದಲೇ ಎದ್ದಿರುತ್ತಾರೆ. ಆದರೆ ಈ ಅವಸರವನ್ನು ಉಣ್ಣುವವರ ಸ್ವಭಾವದೋಷವೆಂಬಂತೆ ಆಡುವುದು ಅನ್ಯಾಯ. ಊಟಕ್ಕೆ ಎಷ್ಟು ಹೊತ್ತು ಎಂದು ತೀರ್ಮಾನಿಸುವವರು ಬೇರೆ, ಉಣ್ಣುವವರು ಬೇರೆ.

ಇದನ್ನು ಅರಿತೇ 1948ರ ಕಾರ್ಖಾನೆ ಕಾಯ್ದೆಯು ಐದು ಗಂಟೆ ಮೀರಿ ಸತತ ದುಡಿಸುವಂತಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು ವಿಧಿಸಿತು. ಆ ಅರ್ಧ ಗಂಟೆಯಲ್ಲಿ ತಟ್ಟೆಯ ಪಾಲಿಗೆ ಉಳಿಯುವುದೆಷ್ಟು? ಗಾರ್ಮೆಂಟ್ಸ್ ಘಟಕದಲ್ಲಿ ಬೆಲ್ ಹೊಡೆದ ಮೇಲೆ ಮಹಡಿ ಇಳಿಯಬೇಕು, ನಲ್ಲಿಯ ಮುಂದೆ ಸಾಲು ನಿಲ್ಲಬೇಕು, ಶೌಚಾಲಯದ ಮುಂದೆ ಇನ್ನೊಂದು ಸಾಲು. ಮರುಬೆಲ್‌ಗೆ ಮುಂಚೆ ಯಂತ್ರದ ಮುಂದಿರಬೇಕು. ಐಟಿ ಕಚೇರಿಯಲ್ಲಿ ಬೆಲ್ಲೇ ಇಲ್ಲ, ಒಂದೂವರೆಗೆ ಮೀಟಿಂಗ್ ಇಟ್ಟರೆ ಕಥೆ ಮುಗಿಯಿತು. ಡೆಲಿವರಿ ಹುಡುಗರಿಗಂತೂ ಊರೆಲ್ಲ ಉಣ್ಣುವ ಹೊತ್ತೇ ಗಳಿಕೆಯ ಹೊತ್ತು. ಬಿಸಿ ಊಟವನ್ನು ಬೆನ್ನಿಗೆ ಹೊತ್ತು ಹಸಿದು ಓಡುವ ಈ ಕೆಲಸಕ್ಕೆ ಊಟದ ಬಿಡುವನ್ನು ಯಾರು ಗೊತ್ತುಮಾಡಬೇಕು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಯೇ ಇಲ್ಲ.

'ಸಾಹೇಬ್ರು ಊಟಕ್ಕೆ ಹೋಗಿದ್ದಾರೆ' ಎಂಬ ಉತ್ತರ ಕೇಳಿ ಕಚೇರಿಯ ಬೆಂಚಿನ ಮೇಲೆ ಕಾದವರು ಈ ವಾದಕ್ಕೆ ಸಿಡುಕಿದರೆ ತಪ್ಪಿಲ್ಲ. ಆದರೆ ಅಲ್ಲಿನ ದೋಷ ಊಟದ್ದಲ್ಲ, ಪಾಳಿಯದ್ದು. ಸರದಿಯಲ್ಲಿ ಎದ್ದು ಹೋದರೆ ಕೌಂಟರ್ ಮುಚ್ಚಬೇಕಾಗಿಲ್ಲ. ಊಟ ಬೇಗ ಮುಗಿಸಿದರೆ ಸಂಜೆ ಬೇಗ ಮನೆ ಸೇರಬಹುದಲ್ಲ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಮನೆಯಲ್ಲಿ ಎರಡನೇ ದುಡಿಮೆ ಕಾದಿರುವ ಹೆಂಗಸರು ಹಾಗೆ ಲೆಕ್ಕ ಹಾಕುವುದು ಸಹಜ. ಆದರೆ ಪಾಳಿ ಮುಗಿಯುವ ಗಂಟೆ ಗೊತ್ತಾಗಿರುವ ಕಡೆ ಮಧ್ಯಾಹ್ನ ಉಳಿಸಿದ ನಿಮಿಷ ಮನೆಗೆ ಬರುವುದಿಲ್ಲ, ಟಾರ್ಗೆಟ್‌ಗೆ ಸೇರುತ್ತದೆ. ಹಾಗಾಗಿ ಆಡಳಿತ ಮಂಡಳಿಗಳು ನೌಕರರಿಗೆ ಆರೋಗ್ಯದ ಭಾಷಣ ಏರ್ಪಡಿಸುವ ಮೊದಲು ಇನ್ನಷ್ಟು ನಲ್ಲಿ ಹಾಕಿಸಲಿ, ಕೂರಲು ಬೆಂಚು ಹಾಕಿಸಲಿ, ಒಂದರಿಂದ ಎರಡರವರೆಗೆ ಮೀಟಿಂಗ್ ಕರೆಯುವುದನ್ನು ಬಿಡಲಿ.