ಆಟದಿಂದ ಓದಿಗೆ

ವಿಡಿಯೋ ಆಟಗಳನ್ನಾಧರಿಸಿದ ಅದ್ಭುತ ಚಿತ್ರಕಥೆಗಳು ನಮ್ಮ ಹಂದನಕೆರೆಯ ತೆಂಗಿನ ತೋಟಗಳ ನಡುವಣ ಮನೆಗಳಿಗೂ ಬಂದಿವೆ. ರಜೆಯಲ್ಲಿ ಮೊಮ್ಮಕ್ಕಳು ಇವನ್ನು ಹಿಡಿದು ಕುಳಿತರೆ 'ಇದೂ ಒಂದು ಓದೇ?' ಎಂದು ಹಿರಿಯರು ಗದರುವುದುಂಟು. ನಾವು ಹಾಗೆನ್ನೆವು.

ಆಟದಲ್ಲಿ ನಾಯಕನನ್ನು ನಡೆಯಿಸುವುದು ಮಗುವೇ. ಸೋತರೆ ಮರಳಿ ಆಡಬಹುದು. ಪುಸ್ತಕದಲ್ಲಿ ನಾಯಕನು ತಪ್ಪುದಾರಿ ತುಳಿದರೂ ತಾಳ್ಮೆಯಿಂದ ಹಿಂಬಾಲಿಸಬೇಕು. ಒಂದು ಚಿತ್ರದಲ್ಲಿ ಎತ್ತಿದ ಕತ್ತಿ, ಮುಂದಿನದರಲ್ಲಿ ಬಿದ್ದ ವೈರಿ. ನಡುವೆ ನಡೆದುದನ್ನು ಓದುವವನ ಮನಸ್ಸೇ ಕಲ್ಪಿಸಿಕೊಳ್ಳುವುದು. ಕಾವ್ಯದಲ್ಲಿ ಹೇಳದೆಯೇ ಹೊಳೆಯುವ ಅರ್ಥವನ್ನು 9ನೆಯ ಶತಮಾನದ ಆನಂದವರ್ಧನನು 'ಧ್ವನಿ' ಎಂದನು. ಇದು ಅದರ ಕಿರಿಯ ಬಂಧುವೆನ್ನಬಹುದು.

ಆದರೆ ಅಪಾಯವೂ ಒಂದುಂಟು. 2013ರಲ್ಲಿ ಹೊರಬಂದ 'ಅಸ್ಯಾಸಿನ್ಸ್ ಕ್ರೀಡ್: ಬ್ರಹ್ಮನ್' ಎಂಬ ಚಿತ್ರಕಥೆಯಲ್ಲಿ ಪಂಜಾಬಿನ ರಣಜಿತ್ ಸಿಂಹ ಮಹಾರಾಜನ ಕಾಲದ ಇತಿಹಾಸವೂ ಕೊಹಿನೂರ್ ವಜ್ರದ ಮಾಯೆಯೂ ಬೆರೆತಿವೆ. 1839ರಲ್ಲಿ ತೀರಿಕೊಂಡ ಮಹಾರಾಜನು ನಿಜ, ವಜ್ರವೂ ನಿಜ. ಮಾಯೆ ಮಾತ್ರ ಕಲ್ಪಿತ. ಈ ಭೇದವನ್ನು ಮಗುವಿಗೆ ತಿಳಿಸುವವರು ಮನೆಯಲ್ಲಿರಬೇಕು.

ಆದುದರಿಂದ, ವಾಚಕರೇ, ಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ಸಂಜೆ ಜಗಲಿಯಲ್ಲಿ ಮಗುವನ್ನು ಕುಳ್ಳಿರಿಸಿಕೊಂಡು ಕಥೆಯನ್ನು ಕನ್ನಡದಲ್ಲಿ ಹೇಳಿಸಿರಿ. ಅನುಮಾನ ಬಂದೆಡೆ ಕೇಳಿರಿ. ಇಂಗ್ಲಿಷಿನಲ್ಲಿ ಓದಿದುದನ್ನು ಅಜ್ಜಿಗೂ ತಿಳಿಯುವಂತೆ ಹೇಳಬಲ್ಲ ಮಗುವಿನ ಓದು ವ್ಯರ್ಥವಾಗದು.