ಮೊದಲ ಸೈಕಲ್ಲೇ ಟಿಟಿ ಬೈಕ್ ಬೇಕಾ?

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಟ್ರಯಥ್ಲಾನ್, ಟೈಮ್ ಟ್ರಯಲ್‌ಗೆ ಇಳಿಯಬೇಕು ಅಂತಿರೋ ನಾವು ಮೊದಲು ನೋಡೋದು ಟಿಟಿ ಬೈಕ್ ರೇಟು. ಲಕ್ಷಗಟ್ಟಲೆ! ನಮ್ಮ ಪ್ರಕಾರ ಮೊದಲ ಸೈಕಲ್ ಅದಾಗಬಾರದು.

ವೇಗ ಹೆಚ್ಚಿದಂತೆ ನಮ್ಮನ್ನು ತಡೆಯೋದು ಗಾಳಿ. ಅದರಲ್ಲಿ ದೊಡ್ಡ ಪಾಲು ಸೈಕಲ್ಲಿನದ್ದಲ್ಲ, ನಮ್ಮ ಮೈಯದ್ದು. 1989ರ ಟೂರ್ ದ ಫ್ರಾನ್ಸ್‌ನಲ್ಲಿ 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್, ಹ್ಯಾಂಡಲ್‌ಗೆ ಏರೋಬಾರ್ ಹಾಕಿಕೊಂಡು ಕೊನೆಯ 24.5 ಕಿ.ಮೀ. ತುಳಿದು, 8 ಸೆಕೆಂಡ್‌ನಲ್ಲಿ ಟೂರ್ ಗೆದ್ದರು. ಹೆಚ್ಚುಕಡಿಮೆ ಬಸವಕಲ್ಯಾಣದಿಂದ ಹುಮನಾಬಾದಿನಷ್ಟು ದೂರ!

ಹಾಗಾಗಿ ನಮ್ಮ ಅಳತೆಗೆ ಹೊಂದೋ ರೋಡ್ ಬೈಕ್ ತಗೊಂಡು, ಏರೋಬಾರ್ ಕೂಡಿಸೋಣ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಲು ಬಿಡುವ ಟ್ರಯಥ್ಲಾನ್‌ಗಳಲ್ಲಿ ಟಿಟಿ ಬೈಕ್ ನಡೆಯೋದೇ ಇಲ್ಲ. ಬಾರ್ ಬಿಚ್ಚಿದರೆ ನಮ್ಮ ಸೈಕಲ್ ಅಲ್ಲಿಗೂ ಆಗುತ್ತೆ. ಬಗ್ಗಿ ಕೂತು ಒಂದು ಗಂಟೆ ತುಳಿದು, ಇಳಿದ ಕೂಡಲೇ ಓಡೋಕೆ ಬಂದ ಮೇಲೆ ಟಿಟಿ ಬೈಕ್ ಯೋಚಿಸೋಣ.

ಇನ್ನೊಂದು ಮಾತು. ಏರೋಬಾರ್ ಹಿಡಿದಾಗ ಕೈ ಬ್ರೇಕ್ ಮೇಲಿರಲ್ಲ. ಲಾರಿಗಳು ನುಗ್ಗೋ ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಅದು ಜೀವದ ಪ್ರಶ್ನೆ. ಅಲ್ಲಿ ಕೈ ಬ್ರೇಕ್ ಮೇಲೇ ಇರಲಿ. ಬಗ್ಗೋದನ್ನ ಮನೆಯಲ್ಲಿ ಟ್ರೈನರ್ ಮೇಲೆ ಕಲಿಯೋಣ. ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಬರುತ್ತೆ, ನಾಲ್ಕು ರೇಸಿಗೆ ಹೋಗಿಬರೋ ಖರ್ಚೂ ಹುಟ್ಟುತ್ತೆ.